ಮನೆಯ ಮಾಡಿಗೆ ಹೆಂಚೆಷ್ಟು?

ಗೃಹಸ್ಥನಿಗೆ ಮನೆಯ ಸಂಬಂಧವಾಗಿ ಒದಗುವ ವೆಚ್ಚಗಳಲ್ಲಿ ಮಾಡಿನ ವೆಚ್ಚವು ಬಹು ನಿರ್ದಾಕ್ಷಿಣ್ಯವಾದುದು. ಗೋಡೆಗೆ ಸುಣ್ಣ ಬಳಿಸುವುದನ್ನು ಮುಂದಿನ ವರ್ಷಕ್ಕೆ ತಳ್ಳಬಹುದು. ನೆಲದ ಗಾರೆ ಒಡೆದಿದ್ದರೆ ಅದರ ಮೇಲೊಂದು ಚಾಪೆಯನ್ನು ಹಾಸಿ ಕಾಲ ಕಳೆಯಬಹುದು. ಆದರೆ ಮಾಡು ಸೋರತೊಡಗಿತೆಂದರೆ ಮಳೆಯು ಯಾರ ಅನುಕೂಲವನ್ನೂ ಕಾಯುವುದಿಲ್ಲ. ಹಳೆಯ ಹೆಂಚನ್ನು ಇಳಿಸಿ, ಮರವನ್ನು ಸರಿಪಡಿಸಿ, ಮತ್ತೆ ಹೊದಿಸುವ ಕೆಲಸವೆಲ್ಲವೂ ಸಂಕ್ರಾಂತಿಗೂ ಮುಂಗಾರಿಗೂ ನಡುವಣ ನಾಲ್ಕು ತಿಂಗಳಲ್ಲಿ ಮುಗಿಯತಕ್ಕದ್ದು. ಹೀಗಿರುವಲ್ಲಿ, ಆ ಕೆಲಸಕ್ಕೆ ಕೈಹಾಕುವ ಮೊದಲೇ ಉತ್ತರ ತಿಳಿದಿರಬೇಕಾದ ಪ್ರಶ್ನೆಯೊಂದುಂಟು: ಈ ಮಾಡಿಗೆ ಹೆಂಚೆಷ್ಟು ಬೇಕು?

ಪ್ರಶ್ನೆಯು ಸಣ್ಣದೆಂದು ತೋರುತ್ತದೆ. ಬಹು ಜನರು ಇದನ್ನು ಮೇಸ್ತ್ರಿಯ ಬಾಯಿಂದ ಬಂದ ಒಂದು ಸಂಖ್ಯೆಯಿಂದ ತೀರಿಸಿಕೊಳ್ಳುತ್ತಾರೆ. ಆ ಸಂಖ್ಯೆ ಹೆಚ್ಚಾಯಿತೆಂದರೆ ಹಣವು ಹಿತ್ತಲಲ್ಲಿ ರಾಶಿಯಾಗಿ ಬಿದ್ದಿರುತ್ತದೆ. ಕಡಮೆಯಾಯಿತೆಂದರೆ ಇನ್ನೂ ಕಷ್ಟ. ಏತಕ್ಕೆಂದರೆ, ಹೆಂಚು ಅಂಗಡಿಯಲ್ಲಿ ಬೇಡಿದಾಗಲೆಲ್ಲ ಸಿಕ್ಕುವ ಸಕ್ಕರೆಯಂತಹ ಪದಾರ್ಥವಲ್ಲ. ಬಾಸೆಲ್ ಮಿಷನ್ನಿನವರು ೧೮೬೫ನೆಯ ಇಸವಿಯಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿಯು ಆ ಕೆಲಸದ ಮುಂದಾಳಾಗಿದ್ದನು. ಅಲ್ಲಿಂದ ಮುಂದೆ ಕರಾವಳಿಯಲ್ಲಿ ಇಂತಹ ಕಾರ್ಖಾನೆಗಳು ಅನೇಕವಾಗಿ ಹುಟ್ಟಿ, ಮಂಗಳೂರು ಹೆಂಚೆಂಬ ಹೆಸರು ಸಮುದ್ರದಾಚೆಗೂ ಹೋಯಿತು. ಈಗ ಅವುಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ತಾತನ ಕಾಲದಲ್ಲಿ ತಂದ ಹೆಂಚಿಗೆ ಜೊತೆಯಾಗುವ ಹೆಂಚು ಇಂದು ದೊರೆಯುವುದೆಂಬ ಭರವಸೆಯಿಲ್ಲ. ಮುನ್ನೂರು ಹೆಂಚು ಸಾಲದೆಂದು ಮೇ ತಿಂಗಳ ಕೊನೆಯಲ್ಲಿ ತಿಳಿದುಬಂದರೆ, ಆ ಮನೆಯವರ ಅವಸ್ಥೆಯನ್ನು ನಾವು ವರ್ಣಿಸಬೇಕಾಗಿಲ್ಲ.

ಆದುದರಿಂದ ಈ ಭಾಷಣದಲ್ಲಿ, ಮಾಡಿನ ವಿಸ್ತೀರ್ಣವನ್ನು ಅಳೆಯುವ ಬಗೆಯನ್ನೂ ಅದಕ್ಕೆ ಬೇಕಾಗುವ ಹೆಂಚನ್ನು ಗುಣಿಸುವ ಬಗೆಯನ್ನೂ ವಿಚಾರಿಸೋಣ. ಕೂಡುವುದು, ಗುಣಿಸುವುದು, ಭಾಗಿಸುವುದು, ಇವಿಷ್ಟನ್ನು ಬಲ್ಲವರಿಗೆ ಇದರಲ್ಲಿ ಕಷ್ಟವಾದುದು ಯಾವುದೂ ಇಲ್ಲ. ಸಂಖ್ಯೆಗಳು ಕೆಲವು ಬರುವುದರಿಂದ ಕೇಳುವವರು ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಮೊದಲು ನೆನಪಿನಲ್ಲಿಡಬೇಕಾದುದು ಇದು: ಒಂದು ಮನೆಗೆ ವಿಸ್ತೀರ್ಣವು ಒಂದಲ್ಲ, ಮೂರು. ಗೋಡೆಗಳ ಹೊರಮೈಯಿಂದ ಹೊರಮೈಗೆ ಅಳೆದಾಗ ಬರುವುದು ಮನೆಯ ವಿಸ್ತೀರ್ಣ. ಸೂರು ಗೋಡೆಯಿಂದ ಆಚೆಗೆ ಚಾಚಿಕೊಂಡಿರುವುದನ್ನೂ ಸೇರಿಸಿ ಅಳೆದಾಗ ಬರುವುದು ಮಾಡಿನ ನೆರಳಿನ ವಿಸ್ತೀರ್ಣ, ಅರ್ಥಾತ್ ಸೂರ್ಯನು ನೆಟ್ಟನೆ ನೆತ್ತಿಯ ಮೇಲಿರುವಾಗ ಮಾಡಿನ ನೆರಳು ಎಷ್ಟು ನೆಲವನ್ನು ಮುಚ್ಚುವುದೋ ಅಷ್ಟು. ಮಾಡಿನ ಇಳಿಜಾರಿನ ಮೈಯನ್ನೇ ಹಿಡಿದು ಅಳೆದಾಗ ಬರುವುದು ಮೂರನೆಯದು. ಹೆಂಚನ್ನು ಹೊದಿಸುವುದು ಈ ಮೂರನೆಯದರ ಮೇಲೆ. ಪಟ್ಟಣದಲ್ಲಿ ಮನೆ ಕಟ್ಟುವವರು ನೂರು ಚದರಡಿಗೆ ಒಂದು 'ಚದರ' ಎಂದು ಹೇಳುವ ವಾಡಿಕೆಯುಂಟು. "ನಮ್ಮದು ಹತ್ತು ಚದರದ ಮನೆ" ಎಂದರೆ ಅದು ಮೊದಲನೆಯ ವಿಸ್ತೀರ್ಣ. ಆ ಮಾತನ್ನು ಕೇಳಿ ಹೆಂಚು ತರಿಸುವವನು ಕೆಡುವುದು ಇಲ್ಲಿಯೇ.

ಇಳಿಜಾರಿನ ಉದ್ದವನ್ನು ಕಂಡುಹಿಡಿಯುವುದಕ್ಕೆ ಮಾಡಿನ ಮೇಲೆ ಹತ್ತಬೇಕಾದುದಿಲ್ಲ. ಹಳೆಯ ಹೆಂಚಿನ ಮೇಲೆ ಕಾಲಿಟ್ಟರೆ ಹೆಂಚೂ ಮುರಿಯುತ್ತದೆ, ಕಾಲೂ ಮುರಿಯಬಹುದು. ನಮ್ಮ ಹಿರಿಯರು ಇದಕ್ಕೆ ಸೊಗಸಾದ ಉಪಾಯವನ್ನು ಹೇಳಿಟ್ಟಿದ್ದಾರೆ. ಅಡ್ಡವಾಗಿರುವುದು ಭುಜ, ನೆಟ್ಟಗಿರುವುದು ಕೋಟಿ, ಓರೆಯಾಗಿರುವುದು ಕರ್ಣ. ಭುಜದ ವರ್ಗವನ್ನೂ ಕೋಟಿಯ ವರ್ಗವನ್ನೂ ಕೂಡಿದರೆ ಕರ್ಣದ ವರ್ಗ ದೊರೆಯುತ್ತದೆ. ಯಜ್ಞವೇದಿಕೆಯನ್ನು ಅಳೆಯುವುದಕ್ಕಾಗಿ ಬೋಧಾಯನ ಶುಲ್ಬಸೂತ್ರದಲ್ಲಿ ಹೇಳಿರುವ ನಿಯಮವಿದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿ ಗಣಿತವನ್ನು ನಮ್ಮ ನುಡಿಗೆ ತಂದನು. ಗಣಿತವು ವ್ಯವಹಾರಕ್ಕೆ ಒದಗಬೇಕೆಂಬ ಆ ಉದ್ದೇಶಕ್ಕೆ ಮನೆಯ ಮಾಡಿಗಿಂತ ಹತ್ತಿರದ ಉದಾಹರಣೆ ಬೇರೆ ಬೇಕೆ? ಗೋಡೆಯ ಕಡೆಯ ಸೂರಿನಿಂದ ಮನೆಯ ನಡುವಿನವರೆಗೆ ಮಟ್ಟವಾಗಿ ಅಳೆದ ದೂರವು ಭುಜ. ಸೂರಿನ ಮಟ್ಟದಿಂದ ನೆತ್ತಿಯವರೆಗಿನ ಎತ್ತರವು ಕೋಟಿ. ಹೆಂಚು ಕೂರುವ ಓರೆಯು ಕರ್ಣ.

ಭುಜವನ್ನು ನೆಲದ ಮೇಲೆಯೇ ಅಳೆಯಬಹುದು. ಸೂರಿನ ತುದಿಯಿಂದ ಒಂದು ತೂಕದ ಗುಂಡನ್ನು ಇಳಿಬಿಟ್ಟರೆ ಸೂರು ಗೋಡೆಯಿಂದ ಎಷ್ಟು ಆಚೆಗಿದೆಯೆಂಬುದು ತಿಳಿಯುತ್ತದೆ. ಇಳಿಜಾರನ್ನು ಅಟ್ಟದ ಮೇಲೆ ಕುಳಿತು ಅಳೆಯಬೇಕು. ಗೋಡೆಯಿಂದ ನೆತ್ತಿಗೆ ಏರುವ ಮರಕ್ಕೆ ಪಕಾಸು ಎನ್ನುತ್ತಾರಷ್ಟೆ. ನೇರವಾದ ಪಟ್ಟಿಯೊಂದರ ತುದಿಯನ್ನು ಪಕಾಸಿನ ಕೆಳಮೈಗೆ ತಾಗಿಸಿ, ಪಟ್ಟಿಯನ್ನು ಒಳಮುಖವಾಗಿ ಹಿಡಿದು, ರಸಮಟ್ಟವನ್ನಿಟ್ಟು ಮಟ್ಟ ಮಾಡಬೇಕು. ತಾಗಿಸಿದ ತುದಿಯಿಂದ ೩೦ ಅಂಗುಲ ದೂರದಲ್ಲಿ, ಪಟ್ಟಿಯಿಂದ ನೆಟ್ಟಗೆ ಮೇಲಕ್ಕೆ ಪಕಾಸಿನವರೆಗೆ ಎಷ್ಟು ಎತ್ತರವೆಂದು ನೋಡಬೇಕು. ಅದು ೧೬ ಅಂಗುಲವಾಯಿತೆಂದರೆ, ೩೦ಕ್ಕೆ ೧೬, ಎಂದರೆ ೧೫ಕ್ಕೆ ೮ರ ಇಳಿಜಾರು. ಹಳೆಯ ಮಾಡು ಅಲ್ಲಲ್ಲಿ ಬಾಗಿರುವುದುಂಟು. ಆದುದರಿಂದ ನಾಲ್ಕು ಕಡೆ ಅಳೆದು ಸರಾಸರಿಯನ್ನು ಹಿಡಿಯುವುದು ಲೇಸು.

ಈಗ ಒಂದು ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಮಲೆನಾಡಿನ ಒಂದು ಸಾಧಾರಣವಾದ ಮನೆ. ಗೋಡೆಯ ಹೊರಮೈಯಿಂದ ಉದ್ದ ೪೦ ಅಡಿ, ಅಗಲ ೨೪ ಅಡಿ. ಮಾಡು ಎರಡು ಪಾಲಿನದು, ಮುಂದಕ್ಕೊಂದು, ಹಿಂದಕ್ಕೊಂದು. ಮಳೆಯ ನಾಡಾದುದರಿಂದ ಸೂರು ಎರಡು ಕಡೆಯೂ ೩ ಅಡಿ ಚಾಚಿದೆ. ಮನೆಯ ಎರಡು ತುದಿಗಳಲ್ಲಿ, ತ್ರಿಕೋಣವಾಗಿ ಏರುವ ಗೋಡೆಗಳಿಂದ ಆಚೆಗೆ, ಮಾಡು ಒಂದೂವರೆ ಅಡಿಯಂತೆ ಚಾಚಿದೆ. ಎಂದಮೇಲೆ ಮಾಡಿನ ಉದ್ದ ೪೩ ಅಡಿ, ಮಟ್ಟವಾಗಿ ಅಳೆದ ಅಗಲ ೩೦ ಅಡಿ. ಅಗಲದ ಅರ್ಧ ೧೫ ಅಡಿ, ಅದೇ ಭುಜ. ಇಳಿಜಾರು ೧೫ಕ್ಕೆ ೮ ಆದುದರಿಂದ ಕೋಟಿ ೮ ಅಡಿ. ೧೫ರ ವರ್ಗ ೨೨೫, ೮ರ ವರ್ಗ ೬೪, ಕೂಡಿದರೆ ೨೮೯. ಅದರ ವರ್ಗಮೂಲ ೧೭. ಇಳಿಜಾರಿನ ಉದ್ದ ೧೭ ಅಡಿಯಾಯಿತು. ಒಂದು ಪಾಲಿನ ವಿಸ್ತೀರ್ಣ ೪೩ನ್ನು ೧೭ರಿಂದ ಗುಣಿಸಿದಾಗ ೭೩೧ ಚದರಡಿ. ಎರಡು ಪಾಲಿಗೆ ೧೪೬೨ ಚದರಡಿ.

ಇದನ್ನು ಮನೆಯ ವಿಸ್ತೀರ್ಣದೊಡನೆ ಹೋಲಿಸಿ ನೋಡಬೇಕು. ೪೦ನ್ನು ೨೪ರಿಂದ ಗುಣಿಸಿದರೆ ೯೬೦ ಚದರಡಿ. ಮಾಡು ಅದರ ಒಂದೂವರೆಯಷ್ಟಿದೆ! ಈ ಹೆಚ್ಚಳದಲ್ಲಿ ದೊಡ್ಡ ಭಾಗವು ಸೂರಿನ ಚಾಚಿನದು, ಚಿಕ್ಕ ಭಾಗವು ಇಳಿಜಾರಿನದು. ಇಳಿಜಾರೆಂದರೆ ಭಯಪಡುವವರು ಸೂರನ್ನು ಮರೆಯುವುದೇ ಹೆಚ್ಚು.

ನಾಲ್ಕು ಪಾಲಿನ ಮಾಡಾದರೆ ಲೆಕ್ಕ ಬಹಳ ಕಠಿನವೆಂದು ಕೆಲವರು ಭಾವಿಸುತ್ತಾರೆ. ಹಾಗಿಲ್ಲ. ನಾಲ್ಕು ಪಾಲಿನ ಇಳಿಜಾರೂ ಒಂದೇ ಆಗಿದ್ದರೆ, ನೆರಳಿನ ವಿಸ್ತೀರ್ಣವನ್ನು ಇಳಿಜಾರಿನ ಅನುಪಾತದಿಂದ ಗುಣಿಸಿದರೆ ಸಾಕು. ನಮ್ಮ ಉದಾಹರಣೆಯಲ್ಲಿ ನೆರಳು ೪೩ ಅಡಿಗೆ ೩೦ ಅಡಿ, ಅರ್ಥಾತ್ ೧೨೯೦ ಚದರಡಿ. ಅದನ್ನು ೧೭ರಿಂದ ಗುಣಿಸಿ ೧೫ರಿಂದ ಭಾಗಿಸಿದರೆ ಮತ್ತೆ ಅದೇ ೧೪೬೨ ಬರುತ್ತದೆ. ಮಾಡಿನ ಪ್ರತಿಯೊಂದು ತುಂಡೂ ತನ್ನ ನೆರಳಿಗಿಂತ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿರುವುದರಿಂದ, ಪಾಲು ಎರಡಾದರೇನು, ನಾಲ್ಕಾದರೇನು, ಒಟ್ಟು ಬದಲಾಗುವುದಿಲ್ಲ. ಅಟ್ಟದ ಮೇಲೆ ಅಳೆದುಕೊಂಡವರಿಗೆ ಅನುಕೂಲವಾಗಲೆಂದು ಕೆಲವು ಅನುಪಾತಗಳನ್ನು ಹೇಳುತ್ತೇವೆ. ೨ ಅಡಿಗೆ ೧ ಅಡಿ ಏರುವ ಮಾಡಿನಲ್ಲಿ ನೂರು ಚದರಡಿಯ ನೆರಳಿಗೆ ೧೧೨ ಚದರಡಿ ಮಾಡು. ೩ಕ್ಕೆ ೨ ಏರಿದರೆ ೧೨೦. ೪ಕ್ಕೆ ೩ ಏರಿದರೆ ೧೨೫. ಭುಜವೂ ಕೋಟಿಯೂ ಸಮವಾಗಿದ್ದರೆ ೧೪೧. ೨ಕ್ಕೆ ೧ಕ್ಕಿಂತ ಕಡಮೆಯಾದ ಇಳಿಜಾರು ಮಂಗಳೂರು ಹೆಂಚಿಗೆ ಹಿತವಲ್ಲ. ಗಾಳಿಯು ನೀರನ್ನು ಹಿಂದಕ್ಕೆ ತಳ್ಳಿ ಹೆಂಚು ಹೆಂಚಿನ ನಡುವೆ ನುಗ್ಗಿಸುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ೮೦೦ ಮಿಲಿಮೀಟರಿನ ಆಸುಪಾಸು ಮಳೆ. ಆಗುಂಬೆಯಲ್ಲಿ ೭೦೦೦ಕ್ಕೂ ಮೇಲೆ. ಮೈಸೂರಿನ ಮನೆಯ ಇಳಿಜಾರನ್ನು ಆಗುಂಬೆಗೆ ಒಯ್ಯಲಾಗದು.

ವಿಸ್ತೀರ್ಣವು ತಿಳಿಯಿತು. ಇನ್ನು ಒಂದು ಹೆಂಚು ಎಷ್ಟನ್ನು ಮುಚ್ಚುತ್ತದೆಂಬುದನ್ನು ನೋಡಬೇಕು. ಚದರಕ್ಕೆ ೧೪೦ ಎಂದು ಒಬ್ಬರು ಹೇಳಿದರೆ ೧೫೦ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ಯಾವುದೋ ಒಂದು ಹೆಂಚಿಗೆ ನಿಜವೇ ಆಗಿರಬಹುದು. ನಿಮ್ಮ ಮನೆಯ ಹೆಂಚಿಗೆ ನಿಜವೋ ಎಂಬುದನ್ನು ಹೆಂಚೇ ಹೇಳಬೇಕು. ಮಂಗಳೂರು ಹೆಂಚಿನ ಒಂದು ಅಂಚಿನಲ್ಲಿ ತೋಡು, ಇನ್ನೊಂದು ಅಂಚಿನಲ್ಲಿ ಏಣು ಇರುತ್ತವೆ. ಒಂದರ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರುತ್ತದೆ. ಮೇಲಿನ ಸಾಲು ಕೆಳಗಿನ ಸಾಲಿನ ತಲೆಯ ಮೇಲೆ ಹಾಯ್ದಿರುತ್ತದೆ. ಆದುದರಿಂದ ಹೆಂಚು ಸುಮಾರು ೧೬ ಅಂಗುಲ ಉದ್ದ, ೯¼ ಅಂಗುಲ ಅಗಲವಿದ್ದರೂ, ಮುಚ್ಚುವುದು ಅದಕ್ಕಿಂತ ಕಡಮೆ.

ಅದನ್ನು ಅಳೆಯುವ ಬಗೆ ಹೀಗೆ. ಹನ್ನೊಂದು ಹೆಂಚುಗಳನ್ನು ಮಟ್ಟವಾದ ನೆಲದ ಮೇಲೆ ಒಂದರ ಪಕ್ಕದಲ್ಲೊಂದರಂತೆ ಕೂಡಿಸಿ ಜೋಡಿಸಬೇಕು. ಎಲ್ಲವನ್ನೂ ಒತ್ತಿ ಬಿಗಿಮಾಡಿ, ಮೊದಲನೆಯದರ ಎಡ ಅಂಚಿನಿಂದ ಹನ್ನೊಂದನೆಯದರ ಎಡ ಅಂಚಿನವರೆಗೆ ಅಳೆಯಬೇಕು. ಬಳಿಕ ಏಣು ತೋಡಿನಿಂದ ಜಾರದಷ್ಟು ಸಡಿಲಿಸಿ ಮತ್ತೆ ಅಳೆಯಬೇಕು. ಬಿಗಿಯಾಗಿ ೮೨ ಅಂಗುಲ, ಸಡಿಲವಾಗಿ ೮೪ ಅಂಗುಲ ಬಂದಿತೆನ್ನೋಣ. ನಡುವಿನದು ೮೩, ಹತ್ತರಿಂದ ಭಾಗಿಸಿದರೆ ಒಂದು ಹೆಂಚು ಮುಚ್ಚುವ ಅಗಲ ೮.೩ ಅಂಗುಲ. ಹೀಗೆಯೇ ಒಂದರ ಮೇಲೊಂದನ್ನು ಇಳಿಜಾರಿನಲ್ಲಿ ಕೂರುವಂತೆ ಜೋಡಿಸಿ ಅಳೆದಾಗ ೧೨½ ಅಂಗುಲ ಬಂದಿತೆನ್ನೋಣ. ಈ ಎರಡನೆಯ ಸಂಖ್ಯೆಯನ್ನು ಬಡಗಿಗೂ ಕೊಡಬೇಕು. ಹೆಂಚಿನ ಮೂಗು ಸಿಕ್ಕಿಕೊಳ್ಳುವ ಅಡ್ಡಪಟ್ಟಿಗಳನ್ನು, ಅಂದರೆ ರೀಪುಗಳನ್ನು, ಅವನು ಆ ಅಂತರದಲ್ಲಿಯೇ ಹೊಡೆಯತಕ್ಕದ್ದು. ಹೆಂಚು ಬರುವ ಮೊದಲೇ ಅಂದಾಜಿನಿಂದ ರೀಪು ಹೊಡೆಸುವುದು ಕಾಲಿನ ಅಳತೆ ಕೊಡದೆ ಜೋಡು ಹೊಲಿಸಿದಂತೆ.

೮.೩ನ್ನು ೧೨½ರಿಂದ ಗುಣಿಸಿದರೆ ೧೦೩¾ ಚದರಂಗುಲ. ಒಂದು ಚದರಕ್ಕೆ ೧೪೪೦೦ ಚದರಂಗುಲವಾದುದರಿಂದ ಚದರಕ್ಕೆ ಸುಮಾರು ೧೩೯ ಹೆಂಚು. ೧೪೬೨ ಚದರಡಿಗೆ ಸುಮಾರು ೨೦೩೦. ಸಾಮಾನ್ಯವಾಗಿ ಇಷ್ಟೇ ಸಾಕು. ಆದರೆ ಇನ್ನೂ ನಿಖರವಾದ ದಾರಿಯೊಂದುಂಟು. ಅದು ಸಾಲುಗಳನ್ನು ಎಣಿಸುವುದು. ಇಳಿಜಾರಿನ ಉದ್ದ ೧೭ ಅಡಿ, ಎಂದರೆ ೨೦೪ ಅಂಗುಲ. ಸೂರಿನ ಕಡೆಯ ಹೆಂಚು ತನ್ನ ಪೂರ್ತಿ ೧೬ ಅಂಗುಲವನ್ನೂ ಮುಚ್ಚುತ್ತದೆ. ಅದರ ಮೇಲಿನ ಒಂದೊಂದು ಸಾಲೂ ೧೨½ ಅಂಗುಲವನ್ನು ಕೂಡಿಸುತ್ತದೆ. ಹದಿನೈದು ಸಾಲಿಗೆ ೧೮೭½, ಅದಕ್ಕೆ ೧೬ ಸೇರಿ ೨೦೩½. ಉಳಿದ ಅರ್ಧ ಅಂಗುಲವು ನೆತ್ತಿಯ ಹೆಂಚಿನ ಕೆಳಗೆ ಮರೆಯಾಗುತ್ತದೆ. ಆದುದರಿಂದ ೧೬ ಸಾಲು. ಉದ್ದ ೪೩ ಅಡಿಯೆಂದರೆ ೫೧೬ ಅಂಗುಲ. ಅದೇ ರೀತಿ ನೋಡಿದರೆ ಒಂದು ಸಾಲಿಗೆ ೬೨ ಹೆಂಚು. ೧೬ನ್ನು ೬೨ರಿಂದ ಗುಣಿಸಿ ೯೯೨. ಎರಡು ಪಾಲಿಗೆ ೧೯೮೪. ಎರಡು ಬಗೆಯ ಲೆಕ್ಕಗಳೂ ನೂರಕ್ಕೆ ಎರಡು ಮೂರರ ಅಂತರದಲ್ಲಿ ಕೂಡಿಬಂದರೆ ಅಳತೆ ಸರಿಯಾಗಿದೆಯೆಂದು ನಂಬಬಹುದು. ಹೆಚ್ಚು ಅಂತರ ಬಂದರೆ ಮತ್ತೊಮ್ಮೆ ಅಳೆಯಬೇಕು.

ಮನೆಯ ೯೬೦ ಚದರಡಿಯನ್ನು ನೋಡಿ ಚದರಕ್ಕೆ ೧೫೦ರಂತೆ ತರಿಸಿದವನಿಗೆ ಬರುವುದು ೧೪೪೦. ಅವನಿಗೆ ೫೪೪ ಹೆಂಚು ಸಾಲದು. ಒಂದು ಪಾಲಿನ ಅರ್ಧಕ್ಕಿಂತ ಹೆಚ್ಚು ಜಾಗವು ಆಕಾಶಕ್ಕೆ ತೆರೆದೇ ಇರುವುದು.

ಸಾಗಿಸುವಾಗಲೂ ಏರಿಸುವಾಗಲೂ ಒಡೆಯುವುದಕ್ಕಾಗಿ ನೂರಕ್ಕೆ ಐದನ್ನು ಸೇರಿಸಬೇಕು. ನಾಲ್ಕು ಪಾಲಿನ ಮಾಡಾದರೆ, ಮೂಲೆಯಿಂದ ನೆತ್ತಿಗೆ ಏರುವ ಏಣುಗಳ ಉದ್ದಕ್ಕೂ ಹೆಂಚನ್ನು ಓರೆಯಾಗಿ ಕತ್ತರಿಸಬೇಕಾಗುವುದರಿಂದ ನೂರಕ್ಕೆ ಹತ್ತನ್ನು ಸೇರಿಸುವುದು ಕ್ಷೇಮ. ಎರಡು ಮಾಡುಗಳು ಕೂಡಿ ನಡುವೆ ನೀರಿನ ದೋಣಿಯಾಗುವ ಕಡೆಯೂ ಹೀಗೆಯೇ. ನೆತ್ತಿಯ ಹೆಂಚಿನ ಲೆಕ್ಕ ಬೇರೆ. ಅದು ೧೫ ಅಂಗುಲ ಮುಚ್ಚುವುದಾದರೆ ೫೧೬ ಅಂಗುಲಕ್ಕೆ ೩೫. ಒಡೆಯುವುದಕ್ಕೆ ಎರಡು ಸೇರಿಸಿ ೩೭. ಇದೇ ಮನೆಗೆ ನಾಲ್ಕು ಪಾಲಿನ ಮಾಡಿದ್ದರೆ ನೆತ್ತಿಯು ೧೩ ಅಡಿಗೆ ಇಳಿದು, ಒಂದೊಂದೂ ಸುಮಾರು ೨೨⅔ ಅಡಿಯ ನಾಲ್ಕು ಏಣುಗಳು ಹುಟ್ಟುತ್ತವೆ. ಆಗ ೩೫ ಹೋಗಿ ೮೩ ಬೇಕಾಗುತ್ತದೆ. ಮೈಯ ಹೆಂಚು ಬದಲಾಗದಿದ್ದರೂ ನೆತ್ತಿಯ ಹೆಂಚು ಎರಡರಷ್ಟನ್ನು ಮೀರಿತು. ಪಾಲಿಗೆ ೧೬ ಸಾಲು ರೀಪು, ಸೂರಿನ ತುದಿಗೆ ಒಂದು, ಒಟ್ಟು ೧೭. ಎರಡು ಪಾಲಿಗೆ ೩೪ ಸಾಲು, ಒಂದೊಂದೂ ೪೩ ಅಡಿ. ೧೪೬೨ ಅಡಿ ಉದ್ದದ ರೀಪು. ಚದರಡಿಯ ಸಂಖ್ಯೆಯೇ ಇಲ್ಲಿಯೂ ಬಂದಿತು. ಇದು ಕೇವಲ ಆಕಸ್ಮಿಕವಲ್ಲ. ರೀಪುಗಳ ಅಂತರವು ಒಂದು ಅಡಿಗೆ ಸಮೀಪವಾದುದರಿಂದ, ಮಾಡು ಎಷ್ಟು ಚದರಡಿಯೋ ರೀಪೂ ಸುಮಾರಾಗಿ ಅಷ್ಟೇ ಅಡಿ ಬೇಕಾಗುತ್ತದೆ.

ಇಷ್ಟು ಹೊತ್ತು ಎಲ್ಲವನ್ನೂ ಹೊಸದಾಗಿ ಹೊದಿಸುವಂತೆ ಲೆಕ್ಕಹಾಕಿದೆವು. ಆದರೆ ಹಳೆಯ ಮಾಡನ್ನು ಇಳಿಸುವಾಗ ಒಳ್ಳೆಯ ಹೆಂಚು ಎಷ್ಟೋ ಉಳಿಯುತ್ತದೆ. ಅದನ್ನು ಬಿಸಾಡುವುದು ಅನ್ಯಾಯ. ಪರೀಕ್ಷಿಸದೆ ಏರಿಸುವುದು ಅವಿವೇಕ. ಕೈಗೆ ಎಟಕುವ ಸೂರಿನ ಸಾಲನ್ನು ಮಾತ್ರ ನೋಡಿ ತೀರ್ಮಾನಿಸಬಾರದು. ಎರಡು ಪಾಲುಗಳಲ್ಲಿಯೂ, ಸೂರು, ನಡು, ನೆತ್ತಿ ಎಂಬ ಮೂರು ಎಡೆಗಳಿಂದಲೂ, ಒಟ್ಟು ನೂರು ಹೆಂಚನ್ನು ತೆಗೆಸಿ ನೋಡಬೇಕು. ಒಂದು ಮೂಲೆಯನ್ನು ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಸರಿಯಾದ ಹೆಂಚು ಕಂಚಿನಂತೆ ದನಿಗೊಡುತ್ತದೆ. ಬಿರುಕು ಬಿಟ್ಟುದು ಮೂಗುದನಿಯಲ್ಲಿ ಮಾತಾಡುತ್ತದೆ. ಮೂಗು ಮುರಿದುದು, ಏಣು ಸವೆದುದು, ಮೈ ಪುಡಿಯಾಗಿ ಉದುರುವುದು, ಇವನ್ನು ಬೇರೆಯಿಡಬೇಕು. ಸಂದೇಹ ಬಂದವನ್ನು ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಮತ್ತೆ ತೂಗಬೇಕು. ಕುಡಿದ ನೀರು ಒಣತೂಕದ ಐದನೆಯ ಒಂದು ಪಾಲನ್ನು ಮೀರಿದರೆ ಆ ಹೆಂಚನ್ನು ಮಾಡಿಗೆ ಏರಿಸದಿರುವುದೇ ಒಳಿತು.

ನೂರರಲ್ಲಿ ೭೦ ಒಳ್ಳೆಯವೆಂದು ಕಂಡಿತೆನ್ನೋಣ. ೧೯೮೪ರಲ್ಲಿ ಸುಮಾರು ೧೩೯೦ ಒಳ್ಳೆಯವು. ಇಳಿಸುವಾಗ ಹತ್ತರಲ್ಲೊಂದು ಒಡೆದರೆ ೧೨೫೦ ಉಳಿಯುತ್ತವೆ. ಬೇಕಾದುದು, ಒಡೆಯುವುದನ್ನೂ ಸೇರಿಸಿ, ೨೦೮೩, ಇರುವುದು ೧೨೫೦, ಆದುದರಿಂದ ೮೩೩ ತಂದರಾಯಿತೆಂದು ಗಣಿತವು ಹೇಳುತ್ತದೆ. ಇಲ್ಲಿ ಗಣಿತವನ್ನು ಮಾತ್ರ ನಂಬಿದವರು ಕೆಡುತ್ತಾರೆ. ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಒಂದು ಮುದ್ರೆಯ ಹೆಂಚಿನ ಏಣು ಇನ್ನೊಂದು ಮುದ್ರೆಯ ಹೆಂಚಿನ ತೋಡಿನಲ್ಲಿ ಸರಿಯಾಗಿ ಕೂರುವುದು ಅಪರೂಪ. ಕಾಳಿನಷ್ಟು ಸಂದು ಉಳಿದರೂ ಮಳೆಗೆ ಅದು ಹೆಬ್ಬಾಗಿಲು. ೮೩೩ ಹೊಸ ಹೆಂಚನ್ನು ಹಳೆಯವುಗಳ ನಡುವೆ ತೂರಿಸಿದ ಮಾಡು ಹೊಸದಾಗಿಯೂ ಸೋರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಒಂದು ಪಾಲಿಗೆ ಹಳೆಯದು, ಇನ್ನೊಂದು ಪಾಲಿಗೆ ಹೊಸದು. ಎರಡು ಪಾಲುಗಳೂ ನೆತ್ತಿಯಲ್ಲಿ ಮಾತ್ರ ಸಂಧಿಸುತ್ತವೆ. ಅಲ್ಲಿ ನೆತ್ತಿಯ ಹೆಂಚು ಎರಡನ್ನೂ ಮುಚ್ಚುವುದರಿಂದ ಏಣು ತೋಡುಗಳ ಜಗಳವಿಲ್ಲ. ಗಾಳಿಮಳೆಯನ್ನು ಎದುರಿಸುವ ಪಡುವಣ ಪಾಲಿಗೆ ಹೊಸದನ್ನು ಕೊಟ್ಟು, ಮರೆಯ ಪಾಲಿಗೆ ಒಂದೇ ಮುದ್ರೆಯ ಹಳೆಯದನ್ನು ಕೊಡಬೇಕು. ಹಳೆಯ ೧೨೫೦ರಲ್ಲಿ ೯೯೨ ಮಾಡಿಗೆ ಏರಿ ೨೫೮ ಉಳಿಯುತ್ತವೆ. ಮುಂದೆ ಕೋತಿ ಹಾರಿಯೋ ಕೊಂಬೆ ಬಿದ್ದೋ ಒಡೆದಾಗ ಅವೇ ಒದಗುತ್ತವೆ. ಹೊಸದು ೯೯೨, ನೂರಕ್ಕೆ ಐದರಂತೆ ೫೦ ಸೇರಿ ೧೦೪೨. ಹೊಸ ಹೆಂಚಿನ ಅಳತೆಯೂ ಹಳೆಯದರಂತೆಯೇ ಇದ್ದರೆ ೧೦೫೦ ತರಿಸಿದರೆ ಸರಿಹೋಗುತ್ತದೆ. ಅಳತೆ ಬೇರೆಯಾದರೆ ಆ ಪಾಲಿಗೆ ಸಾಲುಗಳನ್ನೂ ರೀಪುಗಳ ಅಂತರವನ್ನೂ ಬೇರೆಯಾಗಿ ಗುಣಿಸಬೇಕು. ಎಲ್ಲವನ್ನೂ ಹೊಸದಾಗಿ ತರಿಸುವವನ ವೆಚ್ಚದಲ್ಲಿ ಸುಮಾರು ಅರ್ಧವು ಉಳಿಯಿತು, ಮಾಡೂ ಸೋರಲಿಲ್ಲ.

ಭಾರದ ವಿಚಾರವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಹೆಂಚೊಂದು ೨½ ಕಿಲೋಗ್ರಾಂ ತೂಗುವುದಾದರೆ ೧೯೮೪ ಹೆಂಚು ಐದು ಸಾವಿರ ಕಿಲೋಗ್ರಾಮಿಗೆ ಸ್ವಲ್ಪವೇ ಕಡಮೆ. ಮಳೆಗಾಲದಲ್ಲಿ ತಮ್ಮ ತೂಕದ ಆರನೆಯ ಒಂದು ಪಾಲು ನೀರನ್ನು ಕುಡಿದರೆ ಇನ್ನೂ ಎಂಟುನೂರು ಕಿಲೋಗ್ರಾಂ ಸೇರುತ್ತದೆ. ಇಷ್ಟನ್ನೂ ಹೊರುವುದು ಪಕಾಸುಗಳು. ಹೆಂಚನ್ನು ಇಳಿಸಿದ ದಿನವೇ ಒಂದೊಂದು ಪಕಾಸನ್ನೂ, ಅದು ಗೋಡೆಯ ಮೇಲೆ ಕೂರುವ ತುದಿಯಲ್ಲಿ, ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸುಲಭವಾಗಿ ಇಳಿದರೆ ಒಳಗೆ ಗೆದ್ದಲೋ ಕೊಳೆತವೋ ಉಂಟು. ಅಂತಹ ಮರದ ಮೇಲೆ ಎಷ್ಟು ಒಳ್ಳೆಯ ಹೆಂಚನ್ನು ಹೊದಿಸಿದರೂ ಫಲವಿಲ್ಲ.

ಕೊನೆಯದಾಗಿ ಕಾಲ. ನಮ್ಮ ಉದಾಹರಣೆಯ ಮನೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸೂರಿನಿಂದ ಇಳಿಯುವ ನೀರು ಸುಮಾರು ೩೦೦೦ ಲೀಟರು. ಇಲ್ಲಿ ಲೆಕ್ಕಕ್ಕೆ ಬರುವುದು ನೆರಳಿನ ವಿಸ್ತೀರ್ಣ; ಮಳೆಯು ಇಳಿಜಾರನ್ನು ಎಣಿಸುವುದಿಲ್ಲ. ಒಂದು ಪಾಲು ತೆರೆದಿದ್ದಾಗ ಅಕಾಲದ ಮಳೆಯೊಂದು ಬಂದರೆ ಅದರ ಅರ್ಧ, ಸಾವಿರದ ಐನೂರು ಲೀಟರು, ಒಳಗೇ ಇಳಿಯುತ್ತದೆ. ಕಣಜದ ಭತ್ತಕ್ಕೂ ಮಣ್ಣಿನ ಗೋಡೆಗೂ ಮಕ್ಕಳ ಹಾಸಿಗೆಗೂ ಅಷ್ಟು ಸಾಕು. ಆದುದರಿಂದ ಹೊಸ ಹೆಂಚು ಅಂಗಳಕ್ಕೆ ಬಂದು, ಎಣಿಕೆಯಾಗಿ, ಹನ್ನೊಂದನ್ನು ಜೋಡಿಸಿ ಅಳೆದುದಾದ ಮೇಲೆಯೇ ಹಳೆಯ ಹೆಂಚಿಗೆ ಕೈಹಚ್ಚಬೇಕು. ಒಂದು ಪಾಲನ್ನು ಪೂರ್ತಿಯಾಗಿ ಮುಗಿಸಿ, ಬಳಿಕ ಇನ್ನೊಂದನ್ನು ಬಿಚ್ಚಬೇಕು.

ನಾವು ಹೇಳಿದುದರಿಂದ ಮೇಸ್ತ್ರಿಯ ಅನುಭವಕ್ಕೆ ಬೆಲೆಯಿಲ್ಲವೆಂದು ಯಾರೂ ಭಾವಿಸಬಾರದು. ಮಾಡಿನ ಮೇಲೆ ಮೂವತ್ತು ವರ್ಷ ಬಿಸಿಲುಂಡವನಿಗೆ ತಿಳಿದುದು ಕಾಗದದ ಮೇಲೆ ಬರುವುದಿಲ್ಲ. ಆದರೆ ಅನುಭವಸ್ಥನೂ ಬರಿಯ ಕಣ್ಣಂದಾಜಿಗಿಂತ ಅಳತೆಯನ್ನೇ ಮೆಚ್ಚುತ್ತಾನೆ. ಮಾಡಿನ ಉದ್ದ, ಭುಜ, ಕೋಟಿ, ಕರ್ಣ, ಸಾಲು, ಸಾಲಿನ ಹೆಂಚು, ನೆತ್ತಿಯ ಹೆಂಚು, ರೀಪು, ಉಳಿಯುವ ಹಳೆಯ ಹೆಂಚು, ಹೀಗೆ ಒಂಬತ್ತು ಸಂಖ್ಯೆಗಳನ್ನು ಬರೆದ ಒಂದು ಚೀಟಿಯು ಮನೆಯ ಯಜಮಾನನ ಕೈಯಲ್ಲೋ ಯಜಮಾನಿಯ ಕೈಯಲ್ಲೋ ಇದ್ದರೆ, ಮೇಸ್ತ್ರಿಯೊಡನೆಯೂ ಬಡಗಿಯೊಡನೆಯೂ ಹೆಂಚಿನ ವರ್ತಕನೊಡನೆಯೂ ಆಡುವ ಮಾತು ಬೇರೆಯ ಬಗೆಯದಾಗುತ್ತದೆ. ಒಬ್ಬರು ಇನ್ನೊಬ್ಬರನ್ನು ಶಂಕಿಸಬೇಕಾಗಿಲ್ಲ. ಎಲ್ಲರೂ ಅದೇ ಚೀಟಿಯನ್ನು ನೋಡಬಹುದು. ಒಂದು ಬೆಳಗಿನ ಅಳತೆ, ಒಂದು ಸಂಜೆಯ ಲೆಕ್ಕ. ಇಷ್ಟು ಶ್ರಮಕ್ಕೆ ಪ್ರತಿಯಾಗಿ, ಮೊದಲ ಮುಂಗಾರು ಹೆಂಚಿನ ಮೇಲೆ ಸುರಿಯುವ ರಾತ್ರಿ ಮನೆಯವರು ಪಾತ್ರೆಗಳನ್ನು ಹುಡುಕದೆ ನಿಶ್ಚಿಂತೆಯಾಗಿ ನಿದ್ರಿಸಬಹುದು.